ಸಹಾಯಾರ್ಥ

ವೃತ್ತಿ ನಾಟಕ ಕಂಪನಿಗಳ ಕಾಲದ ಕರಪತ್ರಗಳಲ್ಲಿ ಒಂದು ಪದ ಮತ್ತೆ ಮತ್ತೆ ಎದುರಾಗುತ್ತಿತ್ತು: ‘ಸಹಾಯಾರ್ಥ’. ಊರ ಶಾಲೆಯ ಕಟ್ಟಡ, ಬರಗಾಲದ ಗಂಜಿಕೇಂದ್ರ, ದೇವಸ್ಥಾನದ ಜೀರ್ಣೋದ್ಧಾರ, ಕಾಯಿಲೆ ಬಿದ್ದ ಹಳೆಯ ನಟನೊಬ್ಬನ ಔಷಧೋಪಚಾರ, ಹೀಗೆ ಯಾವುದಕ್ಕಾದರೂ ಸರಿ, ಆ ರಾತ್ರಿಯ ಗಲ್ಲಾಪೆಟ್ಟಿಗೆ ಬೇರೊಬ್ಬರ ಹೆಸರಿಗೆ ಸಲ್ಲುತ್ತದೆಂಬುದನ್ನು ಸಾರಲು ಆ ಒಂದು ಪದ ಸಾಕಾಗುತ್ತಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಪ್ರೇಕ್ಷಕರು ತನು-ಮನ-ಧನದಿಂದ ಸಹಕರಿಸಬೇಕೆಂಬ ವಿನಂತಿ. ಮೂರರಲ್ಲಿ ಮೊದಲಿನೆರಡು ಅಲಂಕಾರಕ್ಕೆ, ಬೇಕಾಗಿದ್ದುದು ಮೂರನೆಯದು. ಅದನ್ನು ಅಚ್ಚು ಹಾಕಿಸಿದವರೂ ಬಲ್ಲರು, ಓದಿದವರೂ ಬಲ್ಲರು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಪದ ಮೊದಲು ಕಾಣುವುದು ಸವರ್ಣದೀರ್ಘ ಸಂಧಿಯ ಉದಾಹರಣೆಯಾಗಿ. ಸಹಾಯ, ಅರ್ಥ, ಎರಡು ಅಕಾರಗಳು ಕೂಡಿ ಒಂದು ದೀರ್ಘ. ಬಿಡಿಸಿ ಬರೆದರೆ ಅಂಕ ಸಿಗುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಆದರೆ ‘ಅರ್ಥ’ವೆಂಬುದು ಸುಮ್ಮನಿರುವ ಪದವಲ್ಲ. ಅದು ಉದ್ದೇಶವೂ ಹೌದು, ಹಣವೂ ಹೌದು, ತಾತ್ಪರ್ಯವೂ ಹೌದು. ಸಹಾಯಾರ್ಥ ಸಂಗೀತ ಕಚೇರಿಯೊಂದರಲ್ಲಿ ಉದ್ದೇಶ ವೇದಿಕೆಯ ಮೇಲಿರುತ್ತದೆ, ಹಣ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ. ತಾತ್ಪರ್ಯ ಮಾತ್ರ ಅಲ್ಲೆಲ್ಲೂ ಇರುವುದಿಲ್ಲ. ಯಾರ ಸಹಾಯಾರ್ಥವೋ ಅವರು ಮಲಗಿರುವಲ್ಲಿ ಹೋಗಿ ಅದನ್ನು ಹುಡುಕಬೇಕಾಗುತ್ತದೆ.

ಉಮರಗಾ, ನಿಲಂಗಾ, ಉದಗೀರಗಳ ಸೀಮೆಯಲ್ಲಿ ಈ ಹುಡುಕಾಟಕ್ಕೆ ಒಂದು ವಿಶೇಷ ಕಾರಣವಿದೆ.

1956ರವರೆಗೆ ಇದೆಲ್ಲ ಹೈದರಾಬಾದ್ ರಾಜ್ಯ. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೀದರ ಜಿಲ್ಲೆಯವಾಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದವು, ಬೀದರ ಮೈಸೂರಿಗೆ ಬಂತು. ಉಮರಗಾ ಉಸ್ಮಾನಾಬಾದ್ ಜಿಲ್ಲೆಯಲ್ಲೇ ಉಳಿಯಿತು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾದಾಗ ನಿಲಂಗಾ, ಉದಗೀರಗಳು ಅದರ ಪಾಲಾದವು. ನಕಾಶೆಯ ಗೆರೆ ಹೀಗೆ ಸರಿದಾಡಿದರೂ ಮನೆಯ ಮಾತು ಅಷ್ಟು ಬೇಗ ಸರಿಯಲಿಲ್ಲ. ತಾಯಿ ಬೀದರ ಕಡೆಯವಳು, ಸೊಸೆ ಲಾತೂರು ಕಡೆಯವಳು, ಸಂತೆ ಉಮರಗಾದಲ್ಲಿ, ಬೀಗರು ಬಸವಕಲ್ಯಾಣದಲ್ಲಿ. ಭಜನೆಯ ಮೇಳದಲ್ಲಿ ಮನ್ಮಥಸ್ವಾಮಿಯ ಮರಾಠಿ ಅಭಂಗವೂ ಶರಣರ ಕನ್ನಡ ವಚನವೂ ಒಂದೇ ಪೇಟಿಗೆ, ಒಂದೇ ತಾಳಕ್ಕೆ ಹೊಂದಿಕೊಳ್ಳುತ್ತವೆ. ಹಾಡುವವನಿಗೆ ಭಾಷೆ ಬದಲಾದದ್ದು ತಿಳಿಯುವುದೂ ಇಲ್ಲ. ಗಡಿಯ ಬಗ್ಗೆ ವಾದ ಮಾಡುವವರು ಈ ಭಜನೆಗಳಿಗೆ ಹೋಗಿ ಒಂದು ರಾತ್ರಿ ಕುಳಿತುಬಂದರೆ ಕೆಡುಕೇನೂ ಆಗದು.

1993ರ ಸೆಪ್ಟೆಂಬರ್ ಕೊನೆಯಲ್ಲಿ ಈ ಸೀಮೆ ಹಾಡಿ ಮಲಗಿತ್ತು. ಗಣೇಶ ವಿಸರ್ಜನೆಯ ಸಂಭ್ರಮ ಆಗಷ್ಟೇ ಮುಗಿದಿತ್ತು. ಹಲಗೆ, ಝಾಂಜ್, ಲೇಝಿಮುಗಳು ಮೂಲೆ ಸೇರಿದ್ದವು. ಕುಣಿದು ದಣಿದವರು ಗಾಢ ನಿದ್ರೆಯಲ್ಲಿದ್ದರು. ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು ಕಿಲ್ಲಾರಿಯ ಅಡಿಯಲ್ಲಿ ಭೂಮಿ ನಡುಗಿತು. ಲಾತೂರು ಜಿಲ್ಲೆಯ ಕಿಲ್ಲಾರಿ, ಆಗ ಉಮರಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮತ್ತು ಸುತ್ತಣ ಹಳ್ಳಿಗಳು ನೆಲಸಮವಾದವು. ಸತ್ತವರು 10,000ದ ಸಮೀಪ. ಪೂರಾ ಹಾಳಾಗಿ, ಬೇರೆಡೆ ಹೊಸದಾಗಿ ಕಟ್ಟಬೇಕಾಗಿ ಬಂದ ಹಳ್ಳಿಗಳು 52. ಕಂಪನದ ಪ್ರಮಾಣ ರಿಕ್ಟರ್ ಮಾಪನದಲ್ಲಿ ಆರನ್ನು ಸ್ವಲ್ಪವೇ ಮೀರಿತ್ತು. ಜಗತ್ತಿನ ಬೇರೆಡೆ ಇಷ್ಟೇ ಪ್ರಮಾಣದ ಭೂಕಂಪಗಳು ಎಷ್ಟೋ ಕಡಿಮೆ ಹಾನಿಯಲ್ಲಿ ಮುಗಿದುಹೋಗಿವೆ.

ಕೊಂದದ್ದು ಗೋಡೆ. ದಖ್ಖನಿನ ಕರಿಗಲ್ಲನ್ನು ಬರಿಯ ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಎರಡು ಮೂರು ಅಡಿ ದಪ್ಪದ ಗೋಡೆ, ಅದರ ಮೇಲೆ ಬೇಸಗೆಯ ಬಿಸಿಲನ್ನು ತಡೆಯಲೆಂದು ವರುಷ ವರುಷವೂ ಹೇರುತ್ತ ಬಂದ ಮೇಲ್ಮುದ್ದೆಯ ಮಣ್ಣು. ತಂಪಿಗಾಗಿ ಹಾಕಿದ ಭಾರವೇ ಸಮಾಧಿಯಾಯಿತು. ಇನ್ನೊಂದು ಸಂಗತಿಯನ್ನು ಪರಿಣತರು ಗುರುತಿಸಿದ್ದಾರೆ: ಗೋಡೆ ಉದುರಿದ ಎಷ್ಟೋ ಮನೆಗಳಲ್ಲಿ ಒಳಗಿನ ಮರದ ಕಂಬ, ತೊಲೆಗಳ ಚೌಕಟ್ಟು ಹಾಗೆಯೇ ನಿಂತಿತ್ತು. ಮರಾಠಿಯಲ್ಲಿ ಅದನ್ನು ‘ಖಣ’ ಎನ್ನುತ್ತಾರೆ, ಕನ್ನಡದಲ್ಲಿ ‘ಅಂಕಣ’. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಅಂಕಣದ ಲೆಕ್ಕದಲ್ಲಿ ಉತ್ತರಿಸುವ ಜನ ಇವರು. ಅಂಕಣದೊಳಗೆ ಮಲಗಿದ್ದ ಕೆಲವರು ಬದುಕಿದರು. ಗೋಡೆಗೆ ಆತು ಮಲಗಿದ್ದವರು ಉಳಿಯಲಿಲ್ಲ.

ಬದುಕಿದವರನ್ನು ಏನೆಂದು ಕರೆಯಬೇಕು? ಕನ್ನಡದಲ್ಲಿ ‘ನಿರಾಶ್ರಿತ’ ಎಂಬ ಪದವಿದೆ. ಅದಕ್ಕೆ ದೇಶವಿಭಜನೆಯ ನೆರಳಿದೆ. ‘ಸಂತ್ರಸ್ತ’ ಪತ್ರಿಕೆಯ ಮಾತು. ‘ನಿರ್ವಸತಿಗ’ ಸರಕಾರಿ ಕಡತದ್ದು. ಗಡಿಯ ಕನ್ನಡಿಗ ಮರಾಠಿ-ಉರ್ದುಗಳಿಂದ ‘ಬೇಘರ್’ ಎಂಬುದನ್ನೇ ಎತ್ತಿಕೊಂಡು ಆಡುತ್ತಾನೆ. ಯಾವ ಪದವೂ ಆ ಸ್ಥಿತಿಯ ಒಂದು ಮುಖ್ಯ ಅಂಶವನ್ನು ಹೇಳುವುದಿಲ್ಲ: ಮನೆ ಹೋದ ಮೇಲೆ ಮೈಯೂ ತನ್ನದಾಗಿ ಉಳಿಯುವುದು ಕಷ್ಟ.

ವೈದ್ಯರ ಚೀಟಿಯೊಂದನ್ನು ಸಾಹಿತ್ಯಕೃತಿಯಂತೆ ನಿಧಾನವಾಗಿ ಓದಿದರೆ ಇದು ಗೊತ್ತಾಗುತ್ತದೆ. ಊಟವಾದ ಮೇಲೆ ಒಂದು ಗುಳಿಗೆ, ಎಂದರೆ ಊಟ ಇಂಥ ಹೊತ್ತಿಗೆ ಇದ್ದೇ ಇರುತ್ತದೆ. ಕುದಿಸಿ ಆರಿಸಿದ ನೀರು, ಎಂದರೆ ಒಲೆ, ಪಾತ್ರೆ, ಮುಚ್ಚಳ, ಉರುವಲು. ಗಾಯಕ್ಕೆ ನೀರು ಸೋಕಿಸಬಾರದು, ಎಂದರೆ ತಲೆಯ ಮೇಲೊಂದು ಸೂರು. ಆರು ವಾರ ವಿಶ್ರಾಂತಿ, ಎಂದರೆ ಮಂಚವೂ ಉಂಟು, ದುಡಿದು ತರುವವರೂ ಉಂಟು. ಹದಿನೈದು ದಿನ ಬಿಟ್ಟು ಮತ್ತೆ ಬರಬೇಕು, ಎಂದರೆ ಹದಿನೈದು ದಿನದ ನಂತರವೂ ಆತ ಇದೇ ಊರಿನಲ್ಲಿರುತ್ತಾನೆ. ಚೀಟಿಯ ಪ್ರತಿ ಸಾಲಿನ ಹಿಂದೆ ಒಂದು ಮನೆಯಿದೆ. ಆ ಮನೆಯಿಲ್ಲದವನ ಕೈಯಲ್ಲಿ ಅದೇ ಚೀಟಿ ಅರ್ಥ ಕಳೆದುಕೊಳ್ಳುತ್ತದೆ. ಉದ್ದೇಶವೆಂಬ ಅರ್ಥವಲ್ಲ, ಹಣವೆಂಬ ಅರ್ಥವೂ ಅಲ್ಲ, ಮೂರನೆಯದು. ಮುರಿದ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಹೊರಟವಳು ಎಲ್ಲಿಗೆ ಹೊರಡಬೇಕೆಂಬುದು ವೈದ್ಯಶಾಸ್ತ್ರದ ಪ್ರಶ್ನೆಯೂ ಹೌದೆಂದು ಕಿಲ್ಲಾರಿಯ ನಂತರ ಈ ಸೀಮೆಗೆ ತಿಳಿಯಿತು.

ಹಾಡು ಇಲ್ಲಿ ಏನು ಮಾಡಬಲ್ಲದು ಎಂದು ಕೇಳುವವರು ಸಾಮಾನ್ಯವಾಗಿ ನ್ಯೂಯಾರ್ಕಿನ ಕಡೆ ಕೈತೋರಿಸುತ್ತಾರೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಮನೆ ಬಿಟ್ಟು ಭಾರತಕ್ಕೆ ಬಂದಾಗ, ಬಂಗಾಳಿ ಮೂಲದ ಪಂಡಿತ್ ರವಿಶಂಕರ್ ತಮ್ಮ ಶಿಷ್ಯ ಜಾರ್ಜ್ ಹ್ಯಾರಿಸನ್‌ರಲ್ಲಿ ಆ ನೋವನ್ನು ತೋಡಿಕೊಂಡರು. ಆಗಸ್ಟ್ 1ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದೇ ದಿನ ಎರಡು ಕಚೇರಿಗಳು ನಡೆದವು. ಸೇರಿದವರು ಒಟ್ಟು 40,000ದಷ್ಟು. ಆರಂಭದಲ್ಲಿ ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲಾ. ವಾದ್ಯಗಳನ್ನು ಶ್ರುತಿಗೊಳಿಸಿ ಮುಗಿಸಿದಾಗ ಸಭೆ ಅದನ್ನೇ ಸಂಗೀತವೆಂದು ತಿಳಿದು ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತೆಂಬರ್ಥದಲ್ಲಿ ರವಿಶಂಕರ್ ನಕ್ಕು ಹೇಳಿದರು. ಈ ಪ್ರಸಂಗವನ್ನು ಜನ ತಮಾಷೆಯಾಗಿ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಮರುಕವೂ ಇದೆ. ಸಹಾಯಕ್ಕೆಂದು ಬಂದ ಸಭೆ ಯಾವುದಕ್ಕೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ, ತಟ್ಟಬೇಕೆಂಬ ಆತುರದಲ್ಲಿರುತ್ತದೆ.

ಅಂದಿನ ಟಿಕೇಟಿನ ಹಣ, ಸುಮಾರು 2,43,000 ಡಾಲರು, ಯುನಿಸೆಫ್‌ಗೆ ಸಂದಿತು. ಧ್ವನಿಮುದ್ರಿಕೆ ಮತ್ತು ಚಲನಚಿತ್ರಗಳಿಂದ ಬಂದ, ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಮೊತ್ತ ಮಾತ್ರ ವರ್ಷಗಟ್ಟಲೆ ಅಮೆರಿಕದ ತೆರಿಗೆ ಇಲಾಖೆಯ ಕೈಯಲ್ಲಿ ಸಿಕ್ಕಿಕೊಂಡಿತು. ಮೊದಲೇ ದತ್ತಿಕಾರ್ಯವೆಂದು ನೋಂದಾಯಿಸದೆ ಇದ್ದುದು ಕಾರಣ. ಉದ್ದೇಶ ಶುದ್ಧವಾಗಿತ್ತು, ಸಂಗೀತ ಶ್ರುತಿಬದ್ಧವಾಗಿತ್ತು, ಕಾಗದವೊಂದು ಇರಲಿಲ್ಲ. ಅಷ್ಟರಲ್ಲಿ ಶಿಬಿರದ ಮಕ್ಕಳಿಗೆ ಕಾಲರಾ ಕಾಯುತ್ತ ಕೂರಲಿಲ್ಲ.

ಅದೇ ವರ್ಷ, ಅದೇ ನಿರಾಶ್ರಿತರ ನಡುವೆ, ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ನಡೆದ ಇನ್ನೊಂದು ಸಂಗತಿ ಅಷ್ಟು ಪ್ರಸಿದ್ಧವಲ್ಲ. ರೋಗಿಗಳು ನೆಲದ ತುಂಬ ಬಿದ್ದಿದ್ದರು; ರಕ್ತನಾಳದ ಮೂಲಕ ಕೊಡುವ ದ್ರಾವಣ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬೀಸರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ಅಳತೆಯಂತೆ ಪೊಟ್ಟಣ ಕಟ್ಟಿಸಿ, ಪೀಪಾಯಿಗಳಲ್ಲಿ ನೀರಿಗೆ ಬೆರೆಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಮಂದಿಗೇ ಒಪ್ಪಿಸಿದರು. ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇದನ್ನು ಇಲ್ಲಿ ನೆನೆಯುವುದು ಕಚೇರಿಯನ್ನು ಹಗುರಗೊಳಿಸಲಿಕ್ಕಲ್ಲ. ಆ ಚಿಕಿತ್ಸೆಯ ಗುಣವೇನೆಂದರೆ ಅದು ಮನೆಯನ್ನು ಬೇಡಲಿಲ್ಲ. ಮಂಚ ಬೇಡ, ದಾದಿ ಬೇಡ, ಸೂಜಿ ಬೇಡ. ಒಂದು ಲೋಟ, ಕುಡಿಸುವ ಒಂದು ಕೈ. ಮನೆಯಿಲ್ಲದವರಿಗಾಗಿ ಬರೆದ ಚೀಟಿ ಅದು. ಮಹಲನಬೀಸರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಮರುವರ್ಷ ಮರಣೋತ್ತರವಾಗಿ ಬಂತು.

ಕನ್ನಡ ನಾಡಿನ ಉದಾಹರಣೆಯ ಜಾಡೇ ಬೇರೆ. ಇಲ್ಲಿ ಸಹಾಯ ಬೇಕಾದವರೇ ಹಾಡಿದರು.

ಗದುಗಿನ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ, ಅನಾಥ ಹುಡುಗರನ್ನು ಕಟ್ಟಿಕೊಂಡು ಊರೂರು ಅಲೆದರು. ಪಾಠಶಾಲೆಗೆ ಕಟ್ಟಡವಿರಲಿಲ್ಲ, ಪಾಠಶಾಲೆ ನಡೆಯುತ್ತಿತ್ತು, ಅಕ್ಷರಶಃ ಕಾಲ್ನಡೆಯಲ್ಲಿ. ಇಂದು ಯಾವ ಊರಿನಲ್ಲಿ ಕೀರ್ತನೆಯೋ ಅಲ್ಲಿ ಊಟ. ಯಾವ ಮಠದ ಪಡಸಾಲೆಯೋ ಅಲ್ಲಿ ನಿದ್ದೆ. ಹುಡುಗರ ಹೊಟ್ಟೆ ತುಂಬಿಸಲು ಸಾಲದಾದಾಗ ನಾಟಕ ಕಂಪನಿ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ಅವರೂ ಅಂಧರು, ನಾಟಕ ಬರೆದರು, ಹಾರ್ಮೋನಿಯಂ ನುಡಿಸಿದರು, ಸ್ತ್ರೀಪಾತ್ರ ವಹಿಸಿದರು. ಗಳಿಕೆ ವೀರೇಶ್ವರ ಪುಣ್ಯಾಶ್ರಮದ ಒಲೆಗೆ ಹೋಯಿತು. ಮುಂದೆ ಭಕ್ತರು ಊರೂರಲ್ಲಿ ಅವರಿಗೆ ತುಲಾಭಾರ ಮಾಡಿದಾಗ ತಕ್ಕಡಿಯ ಇನ್ನೊಂದು ತಟ್ಟೆಯ ನಾಣ್ಯವೂ ಅದೇ ಒಲೆಗೆ. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯವರ್ಗದಿಂದ ಬಂದರೆಂಬುದು ಸಂಗೀತದ ಚರಿತ್ರೆ. ಇನ್ನೊಂದು ಚರಿತ್ರೆ ಹೀಗಿದೆ: ಬೀದಿಯ ಪಾಲಾಗಬಹುದಾಗಿದ್ದ ಎಷ್ಟೋ ಹುಡುಗರು ಅಲ್ಲಿ ಹೊತ್ತಿಗೆ ಉಂಡರು, ಕಾಯಿಲೆ ಬಿದ್ದರೆ ಹಣೆ ಮುಟ್ಟಿ ನೋಡುವವರನ್ನು ಪಡೆದರು.

ನ್ಯೂಯಾರ್ಕಿನ ಕಚೇರಿಯಲ್ಲಿ ಕೊಡುವವನ ಮುಖ ದೀಪದಲ್ಲಿತ್ತು. ಪಡೆಯುವವನದು ಒಂದು ಛಾಯಾಚಿತ್ರ. ಗದುಗಿನ ಹುಡುಗ ಪಡೆಯುವ ಮುನ್ನ ಒಂದು ರಾಗವನ್ನು ಕೊಟ್ಟಿರುತ್ತಿದ್ದ. ಟಿಕೇಟು ಕೊಂಡವನು ದಾನಿಯಲ್ಲ, ಕೇಳುಗ. ಈ ವ್ಯತ್ಯಾಸವನ್ನು ಸಣ್ಣದೆಂದು ತಿಳಿಯುವವರು ಯಾರಿಂದಲೂ ಕೈಯೊಡ್ಡಿ ಪಡೆಯದೆ ಬೆಳೆದವರಿರಬೇಕು.

ಉಮರಗಾದಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಬಸವಕಲ್ಯಾಣ ದೂರವಿಲ್ಲ. ಅಲ್ಲಿಯ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯನದು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ ಅವನದು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಪರೀಕ್ಷೆಯಲ್ಲಿ ಇದನ್ನು ‘ಅಪರಿಗ್ರಹ’ದ ಶೀರ್ಷಿಕೆಯಡಿ ಬರೆಯುವುದು ರೂಢಿ. ದೊಡ್ಡ ಅನಾಹುತವಾದ ಊರಿಗೆ ಲಾರಿಗಟ್ಟಲೆ ಹಳೆಯ ಬಟ್ಟೆ ಬಂದು ಬಿದ್ದು, ಯಾರೂ ಉಡಲಾಗದೆ ರಸ್ತೆಯ ಬದಿಯಲ್ಲಿ ಮಳೆಗೆ ನೆನೆಯುವುದನ್ನು ಕಂಡವರು ಲಕ್ಕಮ್ಮನನ್ನು ಬೇರೆಯಾಗಿ ಓದುತ್ತಾರೆ. ಅವಳು ತ್ಯಾಗದ ಮಾತಾಡುತ್ತಿರಲಿಲ್ಲ, ಅಳತೆಯ ಮಾತಾಡುತ್ತಿದ್ದಳು. ಇಂದು ಎಷ್ಟು ಜನ ಉಣ್ಣುವವರಿದ್ದಾರೆ, ಎಷ್ಟು ಅಕ್ಕಿ ಬೇಕು. ಬನಗಾಂವಿನ ಪೊಟ್ಟಣಗಳಲ್ಲಿದ್ದುದೂ ಇಂಥದೇ ಅಳತೆ.

ಕಿಲ್ಲಾರಿಯ ಸುತ್ತ ಕೊನೆಗೆ ಬಾಳಿಕೆ ಬಂದ ಕೆಲಸಗಳೂ ಅಳತೆಯವೇ. ಸರಕಾರ ವಿಶ್ವಬ್ಯಾಂಕಿನ ನೆರವಿನಿಂದ ಊರುಗಳನ್ನು ಮತ್ತೆ ಕಟ್ಟಿತು. ಸಾಲುಸಾಲು ಕಾಂಕ್ರೀಟು ಮನೆಗಳು, ನೇರ ರಸ್ತೆಗಳು. ಎತ್ತಿಗೆ ಕೊಟ್ಟಿಗೆಯೆಲ್ಲಿ, ಕಣಜವೆಲ್ಲಿ ಎಂದು ರೈತರು ಕೇಳಿದರು. ಹೊಸ ಮನೆ ಎದುರಿಗಿದ್ದರೂ ತಗಡಿನ ಶೆಡ್ಡಿನಲ್ಲೇ ಮಲಗಿದವರು ಅನೇಕರು. ಮನೆ ಸಿಕ್ಕ ಮೇಲೂ ಅವರು ರಾತ್ರಿಯ ಮಟ್ಟಿಗೆ ಬೇಘರ್. ಈ ರೋಗಕ್ಕೆ ಚೀಟಿ ಬರೆಯುವುದು ಇನ್ನೂ ಕಷ್ಟ. ಇದರ ನಡುವೆ, ತುಳಜಾಪುರ ತಾಲ್ಲೂಕಿನ ಅಣದೂರಿನಲ್ಲಿ ಕೆಲಸ ಮಾಡುವ ಹ್ಯಾಲೊ ಮೆಡಿಕಲ್ ಫೌಂಡೇಶನ್ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ‘ಭಾರತ ವೈದ್ಯ’ರೆಂದು ಕರೆಯಿತು. ಹೆಚ್ಚು ಓದಿರದ ಹೆಂಗಸು ಒಂದು ಔಷಧಿ ಪೆಟ್ಟಿಗೆ ಹಿಡಿದು ಗುಡಿಸಲ ಬಾಗಿಲಿಗೆ ಹೋಗಿ ಕೂರುತ್ತಾಳೆ. ಸ್ವಯಂ ಶಿಕ್ಷಣ ಪ್ರಯೋಗವೆಂಬ ಸಂಸ್ಥೆ ಹಳ್ಳಿಯ ಮಹಿಳೆಯರನ್ನೇ ಪುನರ್ವಸತಿಯ ಕೆಲಸದಲ್ಲಿ ಸಂವಾದ ಸಹಾಯಕಿಯರನ್ನಾಗಿ ನಿಲ್ಲಿಸಿತು. ಇಂಥವುಗಳಿಗೆ ಖರ್ಚು ದೊಡ್ಡದಲ್ಲ, ಆದರೆ ನಿಲ್ಲದ್ದು. ಒಂದು ರಾತ್ರಿಯ ಗಲ್ಲಾಪೆಟ್ಟಿಗೆ ಮತ್ತು ವರುಷಗಟ್ಟಲೆ ಬೇಕಾಗುವ ಗುಳಿಗೆ, ಇವೆರಡರ ನಡುವಣ ಹೊಂದಾಣಿಕೆಯಿಲ್ಲದಿರುವಿಕೆಯೇ ಸಹಾಯಾರ್ಥ ಕಚೇರಿಯ ಹಳೆಯ ಕಾಯಿಲೆ.

ಭೂಕಂಪ ಒಂದು ರಾತ್ರಿಯದು. ಈ ಸೀಮೆಯ ಇನ್ನೊಂದು ಬೇಘರ್‌ತನ ಪ್ರತಿವರುಷದ್ದು, ಅದಕ್ಕೆ ಸ್ಮಾರಕವಿಲ್ಲ. ದಸರೆ, ದೀಪಾವಳಿಗಳ ಹೊತ್ತಿಗೆ ಮರಾಠವಾಡದ ಹಳ್ಳಿಗಳಿಂದ ಕಬ್ಬು ಕಡಿಯುವವರು ಮುಕಾದಮನಿಂದ ಮುಂಗಡ ಪಡೆದು, ಗಂಡ ಹೆಂಡಿರು ಜೋಡಿಯಾಗಿ, ಪಶ್ಚಿಮ ಮಹಾರಾಷ್ಟ್ರಕ್ಕೂ ಬೆಳಗಾವಿ, ಬಾಗಲಕೋಟೆಗಳ ಕಡೆಗೂ ಹೊರಡುತ್ತಾರೆ. ಕಬ್ಬಿನ ರವದಿ ಹೊದಿಸಿದ ಗುಡಿಸಲುಗಳಲ್ಲಿ ಸುಮಾರು ಆರು ತಿಂಗಳು. ಕ್ಷಯರೋಗದ ಸಾಧಾರಣ ಚಿಕಿತ್ಸೆಯ ಅವಧಿಯೂ ಆರು ತಿಂಗಳು. ಊರಿನಲ್ಲಿ ಆರಂಭವಾದ ಗುಳಿಗೆ ಹೊಲದಲ್ಲಿ ನಿಲ್ಲುತ್ತದೆ. ಅಲ್ಲಿಯ ಆಸ್ಪತ್ರೆಯಲ್ಲಿ ಕಾರ್ಡು ತೋರಿಸೆಂದರೆ ಕಾರ್ಡು ಊರ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಒಂದು ದಿನ ಕೆಲಸ ತಪ್ಪಿದರೆ ಜೋಡಿಯ ಲೆಕ್ಕದಲ್ಲಿ ದಂಡ. ಮುಟ್ಟಿನ ನೋವು ದುಡಿಮೆಗೆ ಅಡ್ಡಿಯೆಂದು ಗರ್ಭಕೋಶವನ್ನೇ ತೆಗೆಸಿಕೊಂಡ ಬೀಡ ಜಿಲ್ಲೆಯ ಹೆಂಗಸರ ಸುದ್ದಿ 2019ರಲ್ಲಿ ಹೊರಬಂದಾಗ ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಆ ಹೆಂಗಸರು ರಾತ್ರಿ ಗುಡಿಸಲ ಮುಂದೆ ಬೆಂಕಿ ಹಾಕಿಕೊಂಡು ಹಾಡುತ್ತಾರೆ. ಬೀಸುಕಲ್ಲಿನ ಓವಿಗಳು ಬೀಸುಕಲ್ಲು ಇಲ್ಲದಲ್ಲಿಯೂ ಬರುತ್ತವೆ. ಅದಕ್ಕೆ ಟಿಕೇಟಿಲ್ಲ, ಕರಪತ್ರವಿಲ್ಲ.

ಗಡಿಯ ಕಾಲೇಜೊಂದರಲ್ಲಿ ಇಂಥವರ ಔಷಧೋಪಚಾರಕ್ಕೆಂದು ಹಾಡಿನ ಸಂಜೆಯೊಂದನ್ನು ಏರ್ಪಡಿಸುವ ಯೋಚನೆ ವಿದ್ಯಾರ್ಥಿಗಳಿಗೆ ಬರುವುದು ಸಹಜ, ಬರಬೇಕಾದದ್ದೂ ಹೌದು. ಬಂದಾಗ ಅವರು ಮೊದಲು ಹುಡುಕಬೇಕಾದದ್ದು ಗಾಯಕರನ್ನಲ್ಲ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಮುಂಜಾನೆ ಕುಳಿತು, ಮನೆಯಿಲ್ಲದವನು ಚೀಟಿ ಹಿಡಿದು ಎಲ್ಲಿಯವರೆಗೆ ಹೋಗಿ ಎಲ್ಲಿಂದ ಹಿಂದಿರುಗುತ್ತಾನೆಂದು ನೋಡಬೇಕು. ಬಹುಶಃ ಬೇಕಾಗಿರುವುದು ಊರುಗೋಲು. ಬಹುಶಃ ಸೊಲಾಪುರದ ದೊಡ್ಡಾಸ್ಪತ್ರೆಗೆ ಹೋಗಿಬರುವ ಬಸ್ ಛಾರ್ಜು, ಜೊತೆಗೆ ಹೋದವನ ಒಂದು ದಿನದ ಕೂಲಿ. ಬಹುಶಃ ಮರಾಠಿಯ ಕೌಂಟರಿನಲ್ಲಿ ಕನ್ನಡದ ಮುದುಕಿಯ ಹೊಟ್ಟೆನೋವನ್ನು ಹೇಳಿಕೊಡಬಲ್ಲ ಒಬ್ಬ ಹುಡುಗಿ. ಕೊನೆಯದಕ್ಕೆ ಟಿಕೇಟಿನ ಹಣವೂ ಬೇಡ. ಎರಡು ಭಾಷೆ ಬಲ್ಲ ಐಚ್ಛಿಕ ಕನ್ನಡದ ವಿದ್ಯಾರ್ಥಿನಿ ವಾರಕ್ಕೊಂದು ಬೆಳಗು ಅಲ್ಲಿ ನಿಂತರೆ ಸಾಕು.

ಆಮೇಲೆ ಹಾಡು. ಹಾಡುವವರ ಸಾಲಿನಲ್ಲಿ ಕಬ್ಬಿನ ಹೊಲದಿಂದ ಬಂದ ಹೆಂಗಸರಿಗೂ ಜಾಗವಿರಲಿ, ಮುಂದಿನ ಕುರ್ಚಿಗಳಲ್ಲಿ ಅವರ ಮಕ್ಕಳಿಗೂ. ಕರಪತ್ರದಲ್ಲಿ ಉದ್ಘಾಟಕರ ಹೆಸರಿನಷ್ಟೇ ದಪ್ಪಕ್ಷರದಲ್ಲಿ, ಹಣ ಯಾವ ಖಾತೆಗೆ, ಯಾವ ಖರ್ಚಿಗೆ, ಎಷ್ಟು ತಿಂಗಳಿಗೆ ಎಂಬುದು ಅಚ್ಚಾಗಲಿ. ಮುಂದಿನ ವರುಷ ಅದೇ ಗೋಡೆಗೆ ಲೆಕ್ಕಪತ್ರವನ್ನೂ ಅಂಟಿಸಲಿ. ಪೇಟಿಯ ಶ್ರುತಿ ಕೂಡುವವರೆಗೆ ಯಾರೂ ಚಪ್ಪಾಳೆ ತಟ್ಟಬೇಕಾಗಿಲ್ಲ.